ಪಹಣಿಯನ್ನು ಕೇಳಿದವರಾರು?

ಹಳೆಯ ಕಾಲದ ಮಾತು. ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲ ಹೋಬಳಿಯಂಥ ರಾಗಿಯ ಸೀಮೆಯಲ್ಲಿ ಯಾರಾದರೊಬ್ಬರು ಶಾನುಭೋಗರ ಮನೆಯ ಜಗಲಿಯನ್ನು ಹತ್ತಿ, “ಸ್ವಾಮಿ, ಕೆರೆಯ ಹಿಂದಲ ಆ ಸರ್ವೆ ನಂಬರಿನ ಪಹಣಿಯನ್ನು ಒಂದಿಷ್ಟು ನೋಡಬೇಕಾಗಿತ್ತು” ಎಂದು ಕೇಳಿದರೆಂದು ಇಟ್ಟುಕೊಳ್ಳಿ. ಶಾನುಭೋಗರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಬಂದವನ ಮುಖವನ್ನೊಮ್ಮೆ ನಿಟ್ಟಿಸಿ, ಬಳಿಕ ದಫ್ತರದ ಗಂಟನ್ನು ಬಿಚ್ಚುತ್ತಿದ್ದರು. ಪಹಣಿಯಲ್ಲಿ ಬರೆದಿದ್ದುದು ಅಂಥ ಗುಟ್ಟೇನೂ ಅಲ್ಲ. ಜಮೀನು ಯಾರದು, ವಿಸ್ತೀರ್ಣವೆಷ್ಟು, ಬೆಳೆಯೇನು ಎಂಬುದು ಊರಿಗೆಲ್ಲ ತಿಳಿದ ಸಂಗತಿಯೇ. ಆದರೆ ಅದನ್ನು ಕೇಳಿದವನಾರು, ಏಕೆ ಕೇಳಿದ ಎಂಬುದು ಮಾತ್ರ ಸುದ್ದಿ! ದೀಪ ಹಚ್ಚುವ ಹೊತ್ತಿಗೆ ಆ ಸುದ್ದಿ ಜಮೀನಿನ ಯಜಮಾನನ ಕಿವಿಯನ್ನು ಮುಟ್ಟುತ್ತಿತ್ತು: “ನಿನ್ನ ಹೊಲದ ಮೇಲೆ ಇಂಥವರ ಕಣ್ಣು ಬಿದ್ದಿದೆ ಕಣಪ್ಪ, ಹುಷಾರು!”

ಈಗ ಆ ಜಗಲಿಯಿಲ್ಲ. ವಂಶಪಾರಂಪರ್ಯವಾಗಿ ಬಂದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾನೂನು 1961ರಲ್ಲಿ ಆಯಿತು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂದಿತು. ದಫ್ತರಗಳು ಶಾನುಭೋಗರ ಮನೆಯನ್ನು ಬಿಟ್ಟು ಸರ್ಕಾರದ ಗ್ರಾಮ ಲೆಕ್ಕಿಗರ ಕೈಸೇರಿದವು. ಅನಂತರ 2000ದ ಸುಮಾರಿನಲ್ಲಿ ‘ಭೂಮಿ’ ಎಂಬ ಯೋಜನೆ ಬಂದಿತು. ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಏರಿದವು. ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ಯಂತ್ರವೇ ಅಚ್ಚುಹಾಕಿದ ಪಹಣಿ ಕೈಗೆ ಬರುವಂತಾಯಿತು. ಇಂದು ದೊಡ್ಡಬೆಳವಂಗಲದ ಪಹಣಿಯನ್ನು ನೋಡಬೇಕೆಂದವನು ದೊಡ್ಡಬೆಳವಂಗಲಕ್ಕೆ ಬರಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲಿ ಕುಳಿತೋ ಅಮೆರಿಕದಲ್ಲಿ ಕುಳಿತೋ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಎಂದು ಒಂದೊಂದಾಗಿ ಒತ್ತಿದರೆ ಸಾಕು.

ದಫ್ತರವೇನೋ ಯಂತ್ರದೊಳಕ್ಕೆ ಹೋಯಿತು. ಶಾನುಭೋಗರ ನೆನಪು ಎಲ್ಲಿಗೆ ಹೋಯಿತು? ಕೇಳಿದವರಾರು, ಕೇಳಿದ್ದೇನು, ಯಾವ ಹೊತ್ತಿನಲ್ಲಿ ಎಂಬ ಆ ನೆನಪು ಅಳಿದುಹೋಯಿತೆಂದು ವಾಚಕರು ಭಾವಿಸಿದ್ದರೆ ಅದು ತಪ್ಪು. ದಫ್ತರದ ಹಿಂದೆಯೇ ಅದೂ ಯಂತ್ರದೊಳಗೆ ಸೇರಿಕೊಳ್ಳಬಲ್ಲದು. ಯಂತ್ರವನ್ನು ನಡೆಸುವವರು ಅದಕ್ಕೆ ‘ಲಾಗ್’ ಎನ್ನುತ್ತಾರೆ. ನಾವು ಪ್ರಶ್ನೆಗಳ ದಿನಚರಿ ಎನ್ನೋಣ. ಈ ದಿನಚರಿಯನ್ನು ಬರೆಯದಿದ್ದರೆ ಒಂದು ಕಷ್ಟ, ಬರೆದರೆ ಇನ್ನೊಂದು ಕಷ್ಟ. ಆ ಎರಡು ಕಷ್ಟಗಳ ನಡುವಣ ದಾರಿಯನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ದಿನಚರಿಯಲ್ಲಿ ಏನಿರುತ್ತದೆ?

‘ಲಾಗ್’ ಎಂದರೆ ಇಂಗ್ಲಿಷಿನಲ್ಲಿ ಮರದ ತುಂಡು. ಹಿಂದಿನ ನಾವಿಕರು ಹಡಗಿನ ವೇಗವನ್ನು ಅರಿಯಲು ಗಂಟುಗಳಿದ್ದ ಹಗ್ಗದ ತುದಿಗೆ ಮರದ ತುಂಡೊಂದನ್ನು ಕಟ್ಟಿ ಕಡಲಿಗೆ ಎಸೆಯುತ್ತಿದ್ದರು. ನಿರ್ದಿಷ್ಟ ಕಾಲದಲ್ಲಿ ಎಷ್ಟು ಗಂಟುಗಳು ಕೈಯಿಂದ ಜಾರಿದವು ಎಂದು ಎಣಿಸಿ, ಆ ಲೆಕ್ಕವನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ವೇಗದ ಲೆಕ್ಕಕ್ಕಾಗಿ ಹುಟ್ಟಿದ ಆ ಪುಸ್ತಕವೇ ಕ್ರಮೇಣ ಹಡಗಿನಲ್ಲಿ ನಡೆದ ಎಲ್ಲ ಸಂಗತಿಗಳ ಸಾಕ್ಷಿಯೂ ಆಯಿತು. ಗಣಕಯಂತ್ರದ ಲಾಗಿಗೂ ಹೀಗೆಯೇ ಎರಡು ಮುಖಗಳುಂಟು: ಒಂದು ವೇಗದ ಲೆಕ್ಕ, ಇನ್ನೊಂದು ನಡೆದುದರ ಸಾಕ್ಷಿ. ಈ ಎರಡನ್ನೂ ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇವನ್ನು ಬೇರ್ಪಡಿಸುವ ಪ್ರಸಂಗ ಬರುತ್ತದೆ.

ಲಕ್ಷಾಂತರ ಪಹಣಿಗಳನ್ನು ಕ್ರಮವಾಗಿ ಜೋಡಿಸಿಟ್ಟ ಭಂಡಾರಕ್ಕೆ ಡೇಟಾಬೇಸ್ ಎಂದು ಹೆಸರು. ನಾವು ಸರ್ವೆ ನಂಬರನ್ನು ಒತ್ತಿದೊಡನೆ ಅದು ಒಂದು ಪ್ರಶ್ನೆಯಾಗಿ ಭಂಡಾರದ ಬಾಗಿಲನ್ನು ತಟ್ಟುತ್ತದೆ. ದಿನಚರಿಯನ್ನು ಬರೆಯುವ ಏರ್ಪಾಡಿದ್ದರೆ ಯಂತ್ರವು ಪ್ರಶ್ನೆ ಬಂದ ಗಳಿಗೆ, ಕಳುಹಿಸಿದವರ ಗುರುತು, ಪ್ರಶ್ನೆಯ ಒಕ್ಕಣೆ, ಉತ್ತರಕ್ಕಾಗಿ ತಡಕಿದ ದಾಖಲೆಗಳೆಷ್ಟು, ಕೊಟ್ಟ ದಾಖಲೆಗಳೆಷ್ಟು, ಹಿಡಿದ ಕಾಲವೆಷ್ಟು ಎಂಬಿಷ್ಟನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳುತ್ತದೆ.

ಇದರಿಂದ ಪ್ರಯೋಜನವೇನು? ನಾಡಕಚೇರಿಗೆ ಹೋದವರೆಲ್ಲರೂ ಒಂದಲ್ಲ ಒಂದು ದಿನ ಕೇಳಿರುವ ಮಾತುಂಟು: “ಸರ್ವರ್ ಇಲ್ಲ ಯಜಮಾನರೆ, ನಾಳೆ ಬನ್ನಿ.” ದಿನಗೂಲಿಯನ್ನು ಬಿಟ್ಟು, ಬಸ್ಸಿನ ಚಾರ್ಜು ಕೊಟ್ಟು ಬಂದ ರೈತನಿಗೆ ಆ ‘ಸರ್ವರ್’ ಎಂಬುದು ರಜಾ ಹಾಕಿದ ಯಾವನೋ ಗುಮಾಸ್ತನಂತೆ ತೋರುತ್ತದೆ. ನಿಜವಾಗಿ ಆ ಹೊತ್ತಿನಲ್ಲಿ ಭಂಡಾರವು ಯಾವುದೋ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಾ ಏದುಸಿರು ಬಿಡುತ್ತಿರಬಹುದು. ಯಾವ ಪ್ರಶ್ನೆ? ಅದನ್ನು ದಿನಚರಿಯಲ್ಲದೆ ಮತ್ತಾರು ಹೇಳಬೇಕು?

ಒಂದು ಲೆಕ್ಕವನ್ನು ಮಾಡಿ ನೋಡೋಣ. ಇದು ಕೇವಲ ಊಹೆಯ ಲೆಕ್ಕ. ಒಂದು ಬಗೆಯ ಪ್ರಶ್ನೆಗೆ 8 ಸೆಕೆಂಡು ಹಿಡಿಯುತ್ತದೆ; ಆದರೆ ದಿನಕ್ಕೆ ಅದನ್ನು ಕೇಳುವವರು ಮೂರೇ ಮಂದಿ. ಇನ್ನೊಂದು ಬಗೆಯ ಪ್ರಶ್ನೆಗೆ ಒಂದು ಸೆಕೆಂಡಿನ ಐವತ್ತನೆಯ ಒಂದು ಭಾಗ ಸಾಕು. ಆದರೆ ಅದು ದಿನಕ್ಕೆ 5 ಲಕ್ಷ ಸಲ ಬರುತ್ತದೆ. ಮೊದಲನೆಯದರಿಂದ ಯಂತ್ರಕ್ಕೆ ಬಿದ್ದ ದುಡಿಮೆ 24 ಸೆಕೆಂಡು. ಎರಡನೆಯದರಿಂದ ಬಿದ್ದದ್ದು 10,000 ಸೆಕೆಂಡು, ಎಂದರೆ ಎರಡೂಮುಕ್ಕಾಲು ಗಂಟೆಗೂ ಮಿಗಿಲು! ಬರಿಯ ಕಣ್ಣಿಗೆ ಮೊದಲನೆಯದೇ ಅಪರಾಧಿಯಂತೆ ಕಾಣುತ್ತದೆ. ‘ತಡವಾದ ಪ್ರಶ್ನೆಗಳನ್ನು ಮಾತ್ರ ಬರೆ’ ಎಂದು ಯಂತ್ರಕ್ಕೆ ಆಜ್ಞೆಯಿತ್ತರೆ ಎರಡನೆಯದು ಸಿಕ್ಕಿಬೀಳುವುದೇ ಇಲ್ಲ. ಮೈಎಸ್‌ಕ್ಯೂಎಲ್ ಎಂಬ ಬಹುಬಳಕೆಯ ಡೇಟಾಬೇಸಿನಲ್ಲಿ ನಾವಾಗಿ ಬದಲಿಸದಿದ್ದರೆ, ‘ತಡ’ ಎನ್ನಿಸಿಕೊಳ್ಳಲು ಪ್ರಶ್ನೆಯೊಂದು 10 ಸೆಕೆಂಡನ್ನು ಮೀರಬೇಕು! ಆದುದರಿಂದಲೇ ಒಂದೊಂದು ಬಗೆಯ ಪ್ರಶ್ನೆಯೂ ಎಷ್ಟು ಸಲ ಬಂತು, ಒಟ್ಟು ಎಷ್ಟು ಕಾಲವನ್ನು ನುಂಗಿತು ಎಂಬ ಅಂಕಿಸಂಖ್ಯೆ ಬೇಕಾಗುತ್ತದೆ. ಆ ಅಂಕಿಸಂಖ್ಯೆ ಕೈಯಲ್ಲಿದ್ದರೆ ರೋಗದ ಮೂಲ ತಿಳಿಯುತ್ತದೆ. ಅನೇಕ ವೇಳೆ ಭಂಡಾರಕ್ಕೆ ಸರಿಯಾದ ಒಂದು ಸೂಚಿಯನ್ನು, ಪುಸ್ತಕದ ಕೊನೆಯ ಅಕಾರಾದಿಯಂಥದನ್ನು, ಸೇರಿಸಿದರೆ ರೋಗವೂ ವಾಸಿಯಾಗುತ್ತದೆ.

ಕಾವೇರಿಗೆ ಬಂದ ಕೃತಕ ಪ್ರವಾಹ

ದಿನಚರಿಯ ಎರಡನೆಯ ಪ್ರಯೋಜನವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಆಸ್ತಿಗಳ ನೋಂದಣಿಗಾಗಿ ನಮ್ಮ ರಾಜ್ಯದಲ್ಲಿ ‘ಕಾವೇರಿ’ ಎಂಬ ವ್ಯವಸ್ಥೆಯಿದೆ. ಅದರ ಹೊಸ ರೂಪವಾದ ಕಾವೇರಿ 2.0 ಬಳಕೆಗೆ ಬಂದುದು 2023ರಲ್ಲಿ. 2024ರ ಡಿಸೆಂಬರ್ ಮತ್ತು 2025ರ ಜನವರಿಯಲ್ಲಿ ಈ ಕಾವೇರಿ ಮತ್ತೆ ಮತ್ತೆ ಸ್ತಬ್ಧವಾಯಿತು. ಕ್ರಯಪತ್ರ ಬರೆಸಿ, ಮುಹೂರ್ತ ನೋಡಿ ಬಂದವರು ನೋಂದಣಿಯಾಗದೆ ಹಿಂದಿರುಗಿದರು. ಜನರೆಲ್ಲ ಮಾಮೂಲಿನಂತೆ ‘ಸರ್ವರ್’ ಅನ್ನು ಶಪಿಸಿದರು. ಆದರೆ ಪರಿಶೀಲನೆಯಿಂದ ಹೊರಬಿದ್ದ ಸಂಗತಿಯೇ ಬೇರೆ: ಇದು ಯಂತ್ರದ ದೌರ್ಬಲ್ಯವಲ್ಲ, ಬೇಕೆಂದೇ ಮಾಡಿದ ದಾಳಿ!

ಸುಳ್ಳು ಖಾತೆಗಳನ್ನು ತೆರೆದು, ಮನುಷ್ಯರ ಬದಲು ಸ್ವಯಂಚಾಲಿತ ಉಪಕರಣಗಳಿಂದ ಪ್ರಶ್ನೆಗಳ ಮಳೆಯನ್ನೇ ಸುರಿಸಿದ್ದರು. ಒಂದು ಸಂದರ್ಭದಲ್ಲಿ ಎರಡೇ ಗಂಟೆಗಳಲ್ಲಿ 6.2 ಲಕ್ಷ ದುರುದ್ದೇಶದ ಕೋರಿಕೆಗಳು ಬಂದುವೆಂದು ಪ್ರಕಟವಾಯಿತು. ಭಾಗಿಸಿ ನೋಡಿದರೆ ಸೆಕೆಂಡಿಗೆ ಸುಮಾರು 86! ಆಸ್ತಿಯ ಮೇಲೆ ಸಾಲವಿದೆಯೇ ಎಂದು ತಿಳಿಸುವ ಋಣಭಾರ ಪತ್ರದ ಹುಡುಕಾಟ ಮತ್ತೊಮ್ಮೆ ವಾಡಿಕೆಯ ಎಂಟು ಪಟ್ಟಿಗೆ ಏರಿತ್ತು. ಇದರ ಹಿಂದೆ 62 ಇ-ಮೇಲ್ ಖಾತೆಗಳೂ ಅಂತರ್ಜಾಲದ 14 ವಿಳಾಸಗಳೂ ಇದ್ದುವೆಂದು ಗುರುತಿಸಿ, ಸೈಬರ್ ಅಪರಾಧ ಪೊಲೀಸರಿಗೆ ದೂರು ಕೊಡಲಾಯಿತು.

ವಾಚಕರು ಈ ಅಂಕಿಗಳನ್ನು ಇನ್ನೊಮ್ಮೆ ಓದಬೇಕು. ಅರವತ್ತೆರಡು ಖಾತೆ, ಹದಿನಾಲ್ಕು ವಿಳಾಸ, ಎರಡು ಗಂಟೆ, ಎಂಟು ಪಟ್ಟು. ಬಂದವರ ಗುರುತನ್ನೂ ಬಂದ ಗಳಿಗೆಯನ್ನೂ ಎಲ್ಲಿಯೋ ಬರೆದುಕೊಳ್ಳದಿದ್ದರೆ ಇವು ದೊರೆಯುವುವೆ? ವಾಡಿಕೆಯ ದಿನದ ಲೆಕ್ಕವಿಲ್ಲದೆ ‘ಎಂಟು ಪಟ್ಟು’ ಎಂಬ ಮಾತಿಗಾದರೂ ಅರ್ಥವುಂಟೆ? ದಿನಚರಿಯಿಲ್ಲದ ಭಂಡಾರವು ಕಾವಲುಗಾರನಿಲ್ಲದ ಕಣಜವಿದ್ದಂತೆ. ರಾಗಿ ಹೋಯಿತೆಂಬುದು ತಿಳಿಯುತ್ತದೆಯೇ ಹೊರತು, ಹೆಗ್ಗಣ ಕೊರೆಯಿತೋ ಕಳ್ಳ ಹೊತ್ತನೋ ತಿಳಿಯುವುದಿಲ್ಲ.

ಬರೆಯುವುದಕ್ಕೂ ಹೊತ್ತು ಬೇಕಲ್ಲ!

ಹಾಗಾದರೆ ಎಲ್ಲವನ್ನೂ ಬರೆದಿಡಬಾರದೇಕೆ? ಇಲ್ಲಿಂದ ಎರಡನೆಯ ಕಷ್ಟ ಆರಂಭವಾಗುತ್ತದೆ.

ಬ್ಯಾಂಕಿನ ಕಿಟಕಿಯ ಮುಂದೆ ಹಣ ಪಡೆಯುವವರ ಸಾಲು ನಿಂತಿದೆಯೆಂದು ಭಾವಿಸಿ. ಗುಮಾಸ್ತನು ಹಣವನ್ನು ಎಣಿಸಿಕೊಟ್ಟ ಮೇಲೆ ಪ್ರತಿಯೊಬ್ಬರ ಹೆಸರು, ಉಡುಪು, ಆಡಿದ ಮಾತು ಎಲ್ಲವನ್ನೂ ಬೇರೊಂದು ಪುಸ್ತಕದಲ್ಲಿ ಬರೆಯತೊಡಗಿದರೆ ಸಾಲು ಕರಗೀತೆ? ಕಿಟಕಿಗಳು ಹತ್ತಿದ್ದರೂ ಪುಸ್ತಕವೂ ಲೇಖನಿಯೂ ಒಂದೇ ಆದರೆ, ಒಬ್ಬನು ಬರೆದು ಮುಗಿಸುವ ತನಕ ಉಳಿದ ಒಂಬತ್ತು ಗುಮಾಸ್ತರೂ ಕೈಕಟ್ಟಿ ನಿಲ್ಲಬೇಕು. ಡೇಟಾಬೇಸಿನಲ್ಲಿ ನಡೆಯುವುದೂ ಇದೇ. ನೆನಪಿನ ಕೋಶದಿಂದ ಉತ್ತರವನ್ನು ಎತ್ತಿಕೊಡುವುದು ಕ್ಷಣದ ಕೆಲಸ. ತಟ್ಟೆಯ ಮೇಲೆ ಶಾಶ್ವತವಾಗಿ ಬರೆಯುವುದು ಅದಕ್ಕಿಂತ ಬಹಳ ನಿಧಾನದ ಕೆಲಸ. ವೇಗವನ್ನು ಅಳೆಯಲು ಹೊರಟ ಅಳತೆಗೋಲೇ ವೇಗವನ್ನು ಕುಗ್ಗಿಸುವ ವಿಚಿತ್ರ ಪರಿಸ್ಥಿತಿ ಇದು.

ಇಷ್ಟೇಕೆ, ಗಡಿಯಾರವನ್ನು ನೋಡುವುದಕ್ಕೂ ಹೊತ್ತು ಬೇಕು! ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಪ್ರಸಿದ್ಧ ಡೇಟಾಬೇಸನ್ನು ರಚಿಸಿದವರು, ಕಾಲವನ್ನು ಅಳೆಯುವ ಕ್ರಿಯೆಗೆ ಯಂತ್ರವು ಎಷ್ಟು ಕಾಲ ವ್ಯಯಿಸುತ್ತದೆ ಎಂದು ಪರೀಕ್ಷಿಸಲು ಒಂದು ಸಣ್ಣ ಉಪಕರಣವನ್ನೇ ಜೊತೆಗಿಟ್ಟಿದ್ದಾರೆ. ಕೆಲವು ಯಂತ್ರಗಳಲ್ಲಿ ಈ ವೆಚ್ಚ ಗಣನೆಗೆ ಬಾರದಷ್ಟು. ಕೆಲವು ಯಂತ್ರಗಳಲ್ಲಿ ಕೈಕಚ್ಚುವಷ್ಟು.

ಜಾಗದ ಲೆಕ್ಕವೂ ಸಣ್ಣದಲ್ಲ. ದಿನಚರಿಯ ಒಂದು ಸಾಲಿಗೆ 500 ಬೈಟುಗಳು, ಸೆಕೆಂಡಿಗೆ ಸಾವಿರ ಪ್ರಶ್ನೆಗಳು ಎಂದು ಹಿಡಿದರೆ ದಿನವೊಂದಕ್ಕೆ 43 ಗಿಗಾಬೈಟುಗಳಿಗೂ ಹೆಚ್ಚು ಬರಹವಾಗುತ್ತದೆ. ತಿಂಗಳಿಗೆ ಸುಮಾರು 1,300. ದಿನಚರಿಯನ್ನೂ ಭಂಡಾರವನ್ನೂ ಒಂದೇ ತಟ್ಟೆಯಲ್ಲಿ ಇಟ್ಟಿದ್ದರೆ, ಒಂದು ಅಪರಾತ್ರಿ ದಿನಚರಿಯು ಉಕ್ಕಿ ತಟ್ಟೆಯನ್ನೆಲ್ಲ ತುಂಬಿ, ಪಹಣಿಯಲ್ಲಿ ಒಂದಕ್ಷರ ತಿದ್ದುವುದಕ್ಕೂ ಜಾಗವಿಲ್ಲದೆ ಭಂಡಾರವೇ ನಿಂತುಹೋಗುತ್ತದೆ. ಲೆಕ್ಕದ ಪುಸ್ತಕಗಳು ತುಂಬಿ ಅಂಗಡಿಯ ಬಾಗಿಲು ಮುಚ್ಚಿದಂತೆ! ಯಂತ್ರಗಳನ್ನು ನೋಡಿಕೊಳ್ಳುವವರಿಗೆ ಇದು ಕಥೆಯಲ್ಲ, ಕಂಡುಂಡ ಅನುಭವ. ಮೈಎಸ್‌ಕ್ಯೂಎಲ್‌ನಲ್ಲಿ ಎಲ್ಲ ಪ್ರಶ್ನೆಗಳನ್ನೂ ಬರೆಯುವ ಸಾಮಾನ್ಯ ದಿನಚರಿಯನ್ನು, ನಾವಾಗಿ ತೆರೆಯದ ಹೊರತು, ಮುಚ್ಚಿಯೇ ಇಟ್ಟಿರುವುದು ಸುಮ್ಮನೆ ಅಲ್ಲ.

ಗುಟ್ಟಿನ ಎರಡನೆಯ ಪ್ರತಿ

ಹೊತ್ತು ಮತ್ತು ಜಾಗ ದುಡ್ಡಿನಿಂದ ಪರಿಹಾರವಾಗುವ ಕಷ್ಟಗಳು. ದೊಡ್ಡ ಯಂತ್ರವನ್ನು ಕೊಂಡರೆ ಮುಗಿಯಿತು. ಆದರೆ ಮೂರನೆಯ ಕಷ್ಟ ದುಡ್ಡಿಗೆ ಬಗ್ಗುವಂಥದಲ್ಲ. ಅದು ಗುಟ್ಟಿನದು.

ಪ್ರಶ್ನೆಯ ಒಕ್ಕಣೆಯನ್ನು ಇದ್ದಂತೆಯೇ ಬರೆದಿಡುವ ದಿನಚರಿಯಲ್ಲಿ ಕೇಳಿದವರ ಆಧಾರ್ ಸಂಖ್ಯೆಯೋ, ದೂರವಾಣಿ ಸಂಖ್ಯೆಯೋ, ರೋಗಿಯ ಹೆಸರೋ, ಗುಪ್ತಪದವೋ ಬಂದು ಕುಳಿತುಬಿಡಬಹುದು. ಭಂಡಾರಕ್ಕೆ ಏಳು ಬೀಗಗಳು. ದಿನಚರಿಗೆ ಒಂದು ಚಿಲಕ. ಅದನ್ನು ದುರಸ್ತಿಗೆ ಬಂದ ಕುಶಲಕರ್ಮಿ ಓದುತ್ತಾನೆ, ಗುತ್ತಿಗೆಯ ಸಂಸ್ಥೆಗೆ ಕಳುಹಿಸುತ್ತಾರೆ, ಪ್ರತಿ ತೆಗೆದು ಬೇರೆ ಊರಿನಲ್ಲಿ ಇಡುತ್ತಾರೆ. ಹೀಗೆ, ಗುಟ್ಟಿನ ಎರಡನೆಯ ಪ್ರತಿಯೊಂದು ನಮಗರಿಯದೆಯೇ ಸಿದ್ಧವಾಗುತ್ತದೆ.

ಇದು ಬರಿಯ ಭೀತಿಯಲ್ಲ ಎಂಬುದಕ್ಕೆ ಹೊರಲೋಕದ ಎರಡು ನಿದರ್ಶನಗಳು. 2018ರ ಮೇ ತಿಂಗಳಿನಲ್ಲಿ ಟ್ವಿಟರ್ ಸಂಸ್ಥೆಯು ತನ್ನ ಸುಮಾರು 33 ಕೋಟಿ ಬಳಕೆದಾರರಿಗೆ ಗುಪ್ತಪದವನ್ನು ಬದಲಿಸಿಕೊಳ್ಳುವಂತೆ ಸಲಹೆ ಮಾಡಿತು. ಕಳ್ಳರಾರೂ ನುಗ್ಗಿರಲಿಲ್ಲ. ಗುಪ್ತಪದವನ್ನು ಅರ್ಥವಾಗದ ರೂಪಕ್ಕೆ ಪರಿವರ್ತಿಸುವ ಮುನ್ನವೇ, ದೋಷವೊಂದರಿಂದ ಅದು ಸಂಸ್ಥೆಯ ಒಳಗಿನ ಲಾಗಿನಲ್ಲಿ ಬಿಡಿಬಿಡಿಯಾಗಿ ಬರೆದುಹೋಗುತ್ತಿತ್ತು. ದುರುಪಯೋಗದ ಕುರುಹು ಕಂಡುಬರಲಿಲ್ಲವೆಂದು ಸಂಸ್ಥೆ ಹೇಳಿತು. ಆದರೂ ಇಷ್ಟು ಬೀಗಗಳ ಕೀಲಿಕೈಗಳು ಒಂದೇ ಗೂಟಕ್ಕೆ ನೇತುಬಿದ್ದಿದ್ದುವೆಂಬುದು ಗಾಬರಿಯ ಮಾತಲ್ಲವೆ?

ಎರಡನೆಯದು ಇನ್ನೂ ಸೂಕ್ಷ್ಮವಾದುದು. 2006ರ ಆಗಸ್ಟಿನಲ್ಲಿ ಅಮೆರಿಕದ ಎ.ಒ.ಎಲ್. ಎಂಬ ಸಂಸ್ಥೆಯು ವಿದ್ವಾಂಸರ ಸಂಶೋಧನೆಗೆಂದು ಸುಮಾರು 6.5 ಲಕ್ಷ ಬಳಕೆದಾರರು ಕೇಳಿದ ಸುಮಾರು 2 ಕೋಟಿ ಹುಡುಕಾಟದ ಪ್ರಶ್ನೆಗಳನ್ನು ಬಹಿರಂಗಪಡಿಸಿತು. ಹೆಸರುಗಳನ್ನೆಲ್ಲ ತೆಗೆದು ಅಂಕೆಗಳನ್ನು ಹಾಕಿತ್ತು. ಕೆಲವೇ ದಿನಗಳಲ್ಲಿ ಪತ್ರಿಕೆಯೊಂದರ ವರದಿಗಾರರು ಒಂದು ಅಂಕೆಯ ಹಿಂದಿನ ಪ್ರಶ್ನೆಗಳನ್ನು ಓದುತ್ತಾ ಓದುತ್ತಾ, ಅವನ್ನು ಕೇಳಿದ ವೃದ್ಧ ಮಹಿಳೆಯ ಮನೆಯ ಬಾಗಿಲನ್ನೇ ತಲುಪಿದರು! ಆಕೆ ಹುಡುಕಿದ ಊರು, ಮನೆತನ, ಕಾಯಿಲೆ, ಸಾಕಿದ ನಾಯಿ ಎಲ್ಲವೂ ಸೇರಿ ಆಕೆಯ ಚಿತ್ರವನ್ನೇ ಬರೆದಿದ್ದುವು. ಮನುಷ್ಯನು ಕೊಡುವ ಉತ್ತರಗಳಿಗಿಂತ ಅವನು ಕೇಳುವ ಪ್ರಶ್ನೆಗಳೇ ಅವನನ್ನು ಹೆಚ್ಚಾಗಿ ಬಯಲುಮಾಡುತ್ತವೆ.

ಈಗ ದೊಡ್ಡಬೆಳವಂಗಲಕ್ಕೆ ಹಿಂದಿರುಗೋಣ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರದ ಮೇಲೆ ಹೊಸಕೋಟೆಗೆ ಹೋಗುವ ವರ್ತುಲ ರಸ್ತೆ ಈ ತಾಲ್ಲೂಕನ್ನು ಹಾದುಹೋಗಿದೆ. ಕೈಗಾರಿಕಾ ಪ್ರದೇಶಗಳು ಬೆಳೆದಿವೆ. ಬೆಂಗಳೂರು ಹತ್ತಿರ ಹತ್ತಿರಕ್ಕೆ ಸರಿದು ಬರುತ್ತಿದೆ. ಇಂಥ ಸೀಮೆಯಲ್ಲಿ ಒತ್ತಾಗಿರುವ ಇಪ್ಪತ್ತು ಸರ್ವೆ ನಂಬರುಗಳ ಪಹಣಿಗಳನ್ನು ಒಂದೇ ವಾರದಲ್ಲಿ ಯಾರೋ ಮತ್ತೆ ಮತ್ತೆ ನೋಡಿದರೆಂದರೆ ಅದರ ಅರ್ಥವೇನು? ಅಲ್ಲಿ ಬಡಾವಣೆಯೋ ಕಾರ್ಖಾನೆಯೋ ಬರುವ ಸೂಚನೆಯಿರಬಹುದು. ಪಹಣಿ ಬಹಿರಂಗವಾದ ಪತ್ರ, ಯಾರು ಬೇಕಾದರೂ ನೋಡಬಹುದು. ಆದರೆ ಪಹಣಿಗಳನ್ನು ನೋಡಿದವರ ದಿನಚರಿಯನ್ನು ಒಬ್ಬ ದಲ್ಲಾಳಿಯು ಓದಬಲ್ಲನಾದರೆ, ಹೊಲದ ಯಜಮಾನನಿಗೆ ತಿಳಿಯುವ ಮೊದಲೇ ಅವನಿಗೆ ಆ ಹೊಲದ ನಾಳೆಯ ಬೆಲೆ ತಿಳಿದಿರುತ್ತದೆ. ಹಳೆಯ ಶಾನುಭೋಗರ ನೆನಪಿನಿಂದ ರೈತನು ಎಚ್ಚರಗೊಳ್ಳುತ್ತಿದ್ದ. ಯಂತ್ರದ ನೆನಪು ಕಳ್ಳಕೈಗೆ ಸಿಕ್ಕಿದರೆ ಅದೇ ರೈತನು ಮೂರುಕಾಸಿಗೆ ಜಮೀನನ್ನು ಮಾರಿ ಕೈಹಿಸುಕಿಕೊಳ್ಳಬೇಕಾದೀತು. ಆಸ್ತಿಯ ವ್ಯಾಜ್ಯದಲ್ಲಿರುವ ಅಣ್ಣತಮ್ಮಂದಿರ ಸಂಗತಿಯೂ ಹೀಗೆಯೇ. ತಂಗಿಯೊಬ್ಬಳು ತೌರಿನ ಜಮೀನಿನ ಪಹಣಿಯನ್ನು ನೋಡಿದಳೆಂಬ ಒಂದು ಸಾಲು ಬಯಲಾದರೆ, ಕೋರ್ಟಿಗೆ ಹೋಗುವ ಮುನ್ನವೇ ಮನೆ ಎರಡಾದೀತು.

ಇನ್ನೂ ಒಂದು ಅಪಾಯವನ್ನು ಹೇಳಿ ಈ ಭಾಗವನ್ನು ಮುಗಿಸುತ್ತೇನೆ. ದಿನಚರಿಯಲ್ಲಿ ಬರೆಯುವುದು ಹೊರಗಿನವರು ಕಳುಹಿಸಿದ ಒಕ್ಕಣೆಯನ್ನು. ಆ ಒಕ್ಕಣೆಯಲ್ಲೇ ಮಾಟವಿದ್ದರೆ? 2021ರ ಡಿಸೆಂಬರಿನಲ್ಲಿ ಜಗತ್ತಿನ ಯಂತ್ರಗಳೆಲ್ಲ ನಡುಗಿದುದು ಇದರಿಂದಲೇ. ಲಾಗ್ ಬರೆಯಲೆಂದು ಅಸಂಖ್ಯಾತ ತಂತ್ರಾಂಶಗಳು ಬಳಸುತ್ತಿದ್ದ ‘ಲಾಗ್‌ಫೋರ್‌ಜೆ’ ಎಂಬ ಉಪಕರಣವು, ತಾನು ಬರೆದುಕೊಳ್ಳಬೇಕಾದ ಅಕ್ಷರಗಳಲ್ಲಿ ಒಂದು ವಿಶೇಷ ವಿನ್ಯಾಸವನ್ನು ಕಂಡರೆ ಅದನ್ನು ಆಜ್ಞೆಯೆಂದು ತಿಳಿದು ನಡೆಸಿಬಿಡುತ್ತಿತ್ತು. ಕಾವಲುಗಾರನ ಪುಸ್ತಕದಲ್ಲಿ ಹೆಸರು ಬರೆಸುವ ನೆಪದಿಂದ ಕಳ್ಳನು ಕಾವಲುಗಾರನನ್ನೇ ವಶಮಾಡಿಕೊಂಡಂತೆ!

ಎರಡು ಪುಸ್ತಕಗಳು, ಎರಡು ಬೀಗಗಳು

ಬರೆಯದಿದ್ದರೆ ಕುರುಡು; ಬರೆದರೆ ಕೊರಳಿಗೆ ಉರುಳು. ಹಾಗಾದರೆ ದಾರಿಯೇನು?

ಮೊದಲು ಹೇಳಿದ ಎರಡು ಮುಖಗಳನ್ನು ಇಲ್ಲಿ ಬೇರೆ ಮಾಡಬೇಕು. ವೇಗದ ಲೆಕ್ಕದ ಪುಸ್ತಕ ಒಂದು, ಸಾಕ್ಷಿಯ ಪುಸ್ತಕ ಇನ್ನೊಂದು. ಇವೆರಡನ್ನೂ ಒಂದೇ ಮಾಡುವುದರಿಂದಲೇ ಮುಕ್ಕಾಲು ಪಾಲು ಅನಾಹುತಗಳು ಸಂಭವಿಸುತ್ತವೆ.

ವೇಗದ ಲೆಕ್ಕಕ್ಕೆ ಮನುಷ್ಯನ ಗುರುತೇ ಬೇಕಿಲ್ಲ. ‘ಇಂಥ ಸರ್ವೆ ನಂಬರಿನ ಪಹಣಿ ಕೊಡು’ ಎಂಬ ಪ್ರಶ್ನೆಯಲ್ಲಿ ಸರ್ವೆ ನಂಬರನ್ನು ತೆಗೆದು ಆ ಜಾಗದಲ್ಲಿ ಬರಿಯ ಒಂದು ಗುರುತನ್ನು ಹಾಕಿದರೆ, ಸಾವಿರಾರು ಪ್ರಶ್ನೆಗಳು ಒಂದೇ ಅಚ್ಚಿಗೆ ಇಳಿಯುತ್ತವೆ. ಆಗ ಸಾವಿರ ಸಾಲುಗಳ ಬದಲು ಒಂದೇ ಸಾಲು ಸಾಕು: ಈ ಬಗೆಯ ಪ್ರಶ್ನೆ ಇಷ್ಟು ಸಲ, ಒಟ್ಟು ಕಾಲ ಇಷ್ಟು. ಪೋಸ್ಟ್‌ಗ್ರೆಸಿನಲ್ಲಿ ಪ್ರಶ್ನೆಗಳ ಅಂಕಿಸಂಖ್ಯೆಯನ್ನು ಇಡುವ ಉಪಾಂಗವು ಸಾಮಾನ್ಯವಾಗಿ ಮಾಡುವುದು ಇದನ್ನೇ. ನಾವಾಗಿ ಬದಲಿಸದಿದ್ದರೆ ಅದು 5,000 ಬಗೆಗಳಿಗಿಂತ ಹೆಚ್ಚನ್ನು ನೆನಪಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಹೆಚ್ಚಾದರೆ ಅಪರೂಪದವನ್ನು ಮರೆತುಬಿಡುತ್ತದೆ. ಇತರರ ಪ್ರಶ್ನೆಗಳ ಒಕ್ಕಣೆಯನ್ನು, ವಿಶೇಷ ಅಧಿಕಾರವಿಲ್ಲದವರಿಗೆ ತೋರಿಸುವುದೂ ಇಲ್ಲ. ಗುಟ್ಟೂ ಉಳಿಯಿತು, ಜಾಗವೂ ಉಳಿಯಿತು! ಇಷ್ಟೂ ಸಾಲದೆ ಪೂರ್ಣ ಒಕ್ಕಣೆ ಬೇಕೇಬೇಕೆಂದಾಗ ನೂರಕ್ಕೆ ಒಂದನ್ನು ಮಾತ್ರ ಆಯ್ದು ಬರೆಯಬಹುದು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕಲ್ಲವೆ? ಈ ಬರಹವನ್ನು ಆಗಿಂದಾಗಲೇ ಬರೆಯದೆ ಒಟ್ಟುಗೂಡಿಸಿಕೊಂಡು, ಪುರಸತ್ತಾದಾಗ ಬೇರೆ ತಟ್ಟೆಯ ಮೇಲೆ ಇಳಿಸಬಹುದು. ವಿದ್ಯುತ್ತು ಹೋಗಿ ನಾಲ್ಕು ಸಾಲು ನಷ್ಟವಾದರೂ ಲೆಕ್ಕವೇನೂ ಕೆಡುವುದಿಲ್ಲ.

ಸಾಕ್ಷಿಯ ಪುಸ್ತಕದ ಧರ್ಮವೇ ಬೇರೆ. ಪಹಣಿಯನ್ನು ನೋಡುವುದು ಒಂದು, ಪಹಣಿಯನ್ನು ತಿದ್ದುವುದು ಇನ್ನೊಂದು. ಖಾತೆ ಬದಲಾಯಿಸಿದವರಾರು, ಯಾವ ಅಧಿಕಾರದಿಂದ, ಯಾವ ಗಳಿಗೆಯಲ್ಲಿ ಎಂಬುದನ್ನು ತಡವಾದರೂ ಚಿಂತೆಯಿಲ್ಲ, ಆಗಿಂದಾಗಲೇ ಅಳಿಸಲಾಗದಂತೆ ಬರೆಯಬೇಕು. ‘ಭೂಮಿ’ಯು ಅಧಿಕಾರಿಯ ಬೆರಳಚ್ಚನ್ನು ಕೇಳಿದುದೂ, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂದು ವಿಧಿಸಿದುದೂ ಈ ತತ್ತ್ವದಿಂದಲೇ. ‘ನಾನು ಮಾಡಲಿಲ್ಲ, ನನ್ನ ಗುಪ್ತಪದವನ್ನು ಬೇರಾರೋ ಬಳಸಿದರು’ ಎಂಬ ನೆಪಕ್ಕೆ ಎಡೆಯಿರಬಾರದು. ಇಲ್ಲಿ ಒಂದು ಸಾಲು ನಷ್ಟವಾದರೆ ಒಂದು ಕುಟುಂಬದ ಜಮೀನು ನಷ್ಟವಾದೀತು. ಆದುದರಿಂದ ಈ ಪುಸ್ತಕವನ್ನು ಭಂಡಾರ ನಡೆಸುವವರ ಕೈಯಲ್ಲಿಯೇ ಬಿಡದೆ ಬೇರೆಯವರ ವಶದಲ್ಲಿಡಬೇಕು. ಇದನ್ನು ಓದಿದವರ ಹೆಸರನ್ನೂ ಬರೆದಿಡಬೇಕು. ಕಾವಲುಗಾರನಿಗೂ ಒಬ್ಬ ಕಾವಲುಗಾರನಿರಬೇಕು.

ಕಾಲವಾದ ಮೇಲೆ ಅಳಿಸುವುದು ಮತ್ತೊಂದು ಕರ್ತವ್ಯ. ಎಷ್ಟು ಕಾಲ ಇಡಬೇಕೆಂಬುದನ್ನು ಕಾನೂನೇ ಹೇಳುತ್ತದೆ. ಗಣಕಯಂತ್ರಗಳ ಸುರಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರ ಸಂಸ್ಥೆಯಾದ ಸರ್ಟ್-ಇನ್, 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಲಾಗುಗಳನ್ನು 180 ದಿನ ಕಾದಿರಿಸಬೇಕೆಂದು ವಿಧಿಸಿತು. ದಾಳಿಯಾದರೆ ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಹೇಳಿತು. ಇದು ಇಡುವ ಕರ್ತವ್ಯ. ಮರೆಮಾಡುವ ಕರ್ತವ್ಯಕ್ಕೆ ಮೂಲವಾದುದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಕೊಟ್ಟ ತೀರ್ಪು. ಖಾಸಗಿತನವು ಮೂಲಭೂತ ಹಕ್ಕು ಎಂದು ಆ ತೀರ್ಪು ಸಾರಿತು. ಆ ಮೊಕದ್ದಮೆಯನ್ನು ಹೂಡಿದವರು ಬೇರಾರೂ ಅಲ್ಲ, ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಇಳಿವಯಸ್ಸಿನಲ್ಲಿ, 2012ರಲ್ಲಿ, ಅವರು ಈ ಹೋರಾಟಕ್ಕೆ ಇಳಿದರು. ಅದರ ಬೆನ್ನಲ್ಲೇ 2023ರಲ್ಲಿ ವೈಯಕ್ತಿಕ ದತ್ತಾಂಶಗಳ ರಕ್ಷಣೆಗೆ ಪ್ರತ್ಯೇಕ ಕಾಯಿದೆಯೂ, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದುವು.

ಇಡು ಎನ್ನುವ ಕಾನೂನೂ ಮರೆಮಾಡು ಎನ್ನುವ ಕಾನೂನೂ ಪರಸ್ಪರ ವಿರೋಧಿಗಳೆಂದು ಕೆಲವರು ಗೊಣಗುವುದುಂಟು. ಎರಡು ಪುಸ್ತಕಗಳನ್ನು ಬೇರೆ ಬೇರೆ ಇಟ್ಟವರಿಗೆ ಆ ವಿರೋಧ ಬಹುಮಟ್ಟಿಗೆ ಕರಗುತ್ತದೆ. ಒಂದರಲ್ಲಿ ಮನುಷ್ಯನೇ ಇಲ್ಲ. ಇನ್ನೊಂದರಲ್ಲಿ ಮನುಷ್ಯನಿದ್ದಾನೆ, ಆದರೆ ಬೀಗದೊಳಗಿದ್ದಾನೆ.

ಇಷ್ಟೆಲ್ಲವೂ ಯಂತ್ರ ನಡೆಸುವವರ ಚಿಂತೆ, ನಮಗೇಕೆ ಎಂದು ವಾಚಕರು ಪುಟವನ್ನು ಮಗುಚಬಾರದು. ನಮ್ಮ ಹೊಲ, ಮನೆ, ಕಾಯಿಲೆ, ಸಾಲ ಎಲ್ಲವೂ ಇಂದು ಯಾವುದೋ ಒಂದು ಭಂಡಾರದಲ್ಲಿವೆ. ‘ನನ್ನ ದಾಖಲೆ ಭದ್ರವಾಗಿದೆಯೆ?’ ಎಂದು ಕೇಳುವುದನ್ನು ನಾವು ಈಗೀಗ ಕಲಿತಿದ್ದೇವೆ. ಅದರೊಂದಿಗೆ ಇನ್ನೂ ಒಂದು ಮಾತನ್ನು ಕೇಳುವುದನ್ನು ಕಲಿಯಬೇಕು: ‘ನಾನು ಕೇಳಿದ್ದನ್ನು ಎಲ್ಲಿ ಬರೆದುಕೊಂಡಿರಿ? ಅದನ್ನು ಓದುವವರಾರು? ಅಳಿಸುವುದೆಂದು?’

ಶಾನುಭೋಗರ ಜಗಲಿಯಲ್ಲಿ ಪಹಣಿ ಕೇಳಿದವನಿಗೆ, ತನ್ನನ್ನು ಶಾನುಭೋಗರು ನೋಡಿದರೆಂಬುದಾದರೂ ಗೊತ್ತಿತ್ತು. ಮಾತು ಊರಲ್ಲಿ ಹರಡಬಾರದೆಂದಿದ್ದರೆ, “ಸ್ವಾಮಿ, ಈ ವಿಷಯ ತಮ್ಮಲ್ಲೇ ಇರಲಿ” ಎಂದು ಕೈಮುಗಿದು ಹೇಳಿ ಹೋಗಬಹುದಾಗಿತ್ತು. ಯಂತ್ರದ ಮುಂದೆ ಕುಳಿತವನಿಗೆ ಆ ಅವಕಾಶವಿಲ್ಲ. ಆ ಮಾತನ್ನು ಅವನ ಪರವಾಗಿ ಕಾನೂನೂ ಯಂತ್ರವನ್ನು ಕಟ್ಟಿದವರೂ ಮೊದಲೇ ಹೇಳಿಟ್ಟಿರಬೇಕು.